ಸೋಡಚೀಟಿಯಿಂದ ಅಪೊಸ್ಟಿಲ್‌ವರೆಗೆ: ಕೊಪ್ಪಳ ಜಿಲ್ಲೆಯ ಒಂದು ಪ್ರಕರಣ

ಇದನ್ನು ಬರೆಯುವ ಮೊದಲು ಮೂವರ ಒಪ್ಪಿಗೆ ಕೇಳಿದ್ದೇನೆ. ಹುಡುಗ, ಅವನ ತಂದೆ, ಮತ್ತು ಒಂದು ಕಾಲಕ್ಕೆ ಅವನ ಹೆಂಡತಿಯಾಗಿದ್ದ ಹೆಣ್ಣುಮಗಳು. ಹೆಸರು ಯಾರದ್ದೂ ಇಲ್ಲ. ಊರಿನ ಗುರುತು, ಕೆಲಸ, ಒಂದೆರಡು ದಿನಾಂಕ ಬದಲಿಸಿದ್ದೇನೆ. ಯಾವ ಜಾತಿ ಅಂತಲೂ ಹೇಳುವುದಿಲ್ಲ. ನಮ್ಮ ಕಡೆ ಸೋಡಚೀಟಿಯ ಪದ್ಧತಿ, ಅಂದರೆ ಹಿರಿಯರು ಕೂಡಿ ಮದುವೆ ಬಿಡಿಸಿ ಕಾಗದ ಬರೆಸುವುದು, ಬೇರೆ ಬೇರೆ ಸಮುದಾಯಗಳಲ್ಲಿ ಇದೆ, ಹಾಗಾಗಿ ಅದು ಇಲ್ಲಿ ಮುಖ್ಯವೂ ಅಲ್ಲ.

ನಾನು ಕೊಪ್ಪಳ ಜಿಲ್ಲೆಯಲ್ಲಿ ವಕೀಲಿ ಮಾಡುತ್ತೇನೆ. ಹೊರದೇಶಕ್ಕೆ ಹೋದ ಮಕ್ಕಳ ಕಾಗದಪತ್ರದ ಕೆಲಸ ಈಗೀಗ ಜಾಸ್ತಿ ಬರುತ್ತಿದೆ. ಜನನ ಪ್ರಮಾಣಪತ್ರ, ಹೆಸರಿನ ತಿದ್ದುಪಡಿ, ಮದುವೆ ನೋಂದಣಿ, ಹೀಗೆ. ಅದರಲ್ಲೇ ಒಂದು ‘ಸಿಂಗಲ್ ಸ್ಟೇಟಸ್’ ಕಾಗದ. ಅಂದರೆ, ಈ ವ್ಯಕ್ತಿಗೆ ಸದ್ಯ ಗಂಡನೋ ಹೆಂಡತಿಯೋ ಇಲ್ಲ, ಮದುವೆಯಾಗಲು ಅಡ್ಡಿ ಇಲ್ಲ ಎನ್ನುವ ದಾಖಲೆ. ನೋಡಲು ಒಂದು ಪುಟದ ಕೆಲಸ. ಈ ಪ್ರಕರಣದಲ್ಲಿ ಆ ಒಂದು ಪುಟಕ್ಕೆ ಹತ್ತು ತಿಂಗಳು ಹಿಡಿಯಿತು.

ಹಿನ್ನೆಲೆ

ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ಹಳ್ಳಿ. ನಾಲ್ಕು ಎಕರೆ ಗದ್ದೆ. ಒಬ್ಬನೇ ಮಗ, ಓದಿನಲ್ಲಿ ಚುರುಕು. 2014ರಲ್ಲಿ ಅವನಿಗೆ 22 ವರ್ಷ, ಡಿಗ್ರಿ ಮುಗಿದಿತ್ತು. ಅಜ್ಜಿಗೆ ಹುಷಾರಿಲ್ಲ, ಕಣ್ಣು ಮುಚ್ಚುವುದರೊಳಗೆ ಮೊಮ್ಮಗನ ಮದುವೆ ನೋಡಬೇಕು ಅಂತ ಹಟ. ಜಾತ್ರೆಯ ಸಾಮೂಹಿಕ ವಿವಾಹದಲ್ಲಿ ಮದುವೆಯಾಯಿತು. ಹುಡುಗಿಗೆ 19 ವರ್ಷ, ರಾಯಚೂರು ಜಿಲ್ಲೆಯವಳು.

ಇಬ್ಬರಿಗೂ ಮನಸ್ಸು ಕೂಡಲಿಲ್ಲ. ಯಾರ ತಪ್ಪೂ ಇಲ್ಲ ಅಂತ ಇಬ್ಬರೂ ಇವತ್ತಿಗೂ ಹೇಳುತ್ತಾರೆ. ಅವನಿಗೆ ಮುಂದೆ ಓದಬೇಕಿತ್ತು. ಅವಳಿಗೆ ಆ ಮನೆಯಲ್ಲಿ ಮಾತಾಡಲು ಒಬ್ಬರೂ ಇರಲಿಲ್ಲ. ನಾಲ್ಕು ತಿಂಗಳಿಗೆ ತವರಿಗೆ ಹೋದವಳು ತಿರುಗಿ ಬರಲಿಲ್ಲ. 2015ರಲ್ಲಿ ಎರಡೂ ಕಡೆಯ ಹಿರಿಯರು, ದೈವದವರು (ಸಮುದಾಯದ ಪಂಚರು) ಕೂಡಿ ಸೋಡಚೀಟಿ ಬರೆಸಿದರು. ತಾಳಿ, ಕೊಟ್ಟ ಬಂಗಾರ, ಪಾತ್ರೆ ಎಲ್ಲ ಲೆಕ್ಕ ಹಾಕಿ ಅವರವರಿಗೆ ಸೇರಿಸಿದರು. ಕೋರ್ಟಿಗೆ ಯಾರೂ ಹೋಗಲಿಲ್ಲ. ಊರಿನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು.

ಮುಂದೆ ಹುಡುಗ ಎಂ.ಟೆಕ್ ಮಾಡಿದ, ಬೆಂಗಳೂರಿನಲ್ಲಿ ಕೆಲಸ ಮಾಡಿದ, 2021ರಲ್ಲಿ ನೆದರ್ಲ್ಯಾಂಡ್ಸ್‌ಗೆ ಹೋದ. ಅಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿಯನ್ನು ಮದುವೆಯಾಗುವುದು ಅಂತ ಆಯಿತು. ಅಲ್ಲಿನ ಪದ್ಧತಿಯಲ್ಲಿ ಮದುವೆಗೆ ಕನಿಷ್ಠ 14 ದಿನ ಮೊದಲು ನಗರಸಭೆಗೆ ತಿಳಿಸಬೇಕು. ಹೊರದೇಶದವರಾದರೆ ತಮ್ಮ ದೇಶದ ಜನನ ಪ್ರಮಾಣಪತ್ರ ಮತ್ತು ಮದುವೆಯ ಸ್ಥಿತಿಯ ದಾಖಲೆ ಕೊಡಬೇಕು. ಅವು ಡಚ್, ಇಂಗ್ಲಿಷ್, ಫ್ರೆಂಚ್ ಅಥವಾ ಜರ್ಮನ್ ಭಾಷೆಯಲ್ಲಿ ಇರಬೇಕು, ಅಪೊಸ್ಟಿಲ್ (ಹೊರದೇಶದಲ್ಲಿ ನಡೆಯುವ ಹಾಗೆ ನಮ್ಮ ವಿದೇಶಾಂಗ ಸಚಿವಾಲಯ ಹಾಕುವ ದೃಢೀಕರಣ) ಆಗಿರಬೇಕು. ಇವನ ಊರಿನ ನಗರಸಭೆ ಇನ್ನೂ ಒಂದು ಮಾತು ಸೇರಿಸಿತ್ತು: ಸಿಂಗಲ್ ಸ್ಟೇಟಸ್ ಕಾಗದ ಆರು ತಿಂಗಳಿಗಿಂತ ಹಳೆಯದಾಗಿರಬಾರದು.

ಎಲ್ಲ ಸೀಲೂ ಇದ್ದ ಕಾಗದ

ಮಗ ಫೋನಿನಲ್ಲಿ ಹೇಳಿದ್ದನ್ನು ಕೇಳಿ ತಂದೆ ಒಬ್ಬ ಏಜೆಂಟರ ಹತ್ತಿರ ಹೋದರು. ಏಜೆಂಟರ ಕಂಪ್ಯೂಟರಿನಲ್ಲಿ ಮಾದರಿ ಸಿದ್ಧವಿತ್ತು. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ತುಂಬಿದರು. 100 ರೂಪಾಯಿಯ ಇ-ಸ್ಟ್ಯಾಂಪ್ ಕಾಗದದ ಮೇಲೆ ‘ನನ್ನ ಮಗ ಅವಿವಾಹಿತ, ಇದುವರೆಗೆ ಯಾವ ಮದುವೆಯೂ ಆಗಿಲ್ಲ’ ಅಂತ ಇಂಗ್ಲಿಷಿನಲ್ಲಿ ಅಚ್ಚಾಯಿತು. ತಂದೆ ಸಹಿ ಹಾಕಿದರು. ನೋಟರಿ ಸೀಲು ಬಿತ್ತು. ಕಾಗದ ಬೆಂಗಳೂರಿಗೆ ಹೋಯಿತು. ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಎಲ್ಲ ಆಗಿ ಮೂರು ವಾರದಲ್ಲಿ ವಾಪಸ್ ಬಂತು. 14,000 ರೂಪಾಯಿ ಖರ್ಚು. ಅಪೊಸ್ಟಿಲ್‌ಗೆ ಸರ್ಕಾರಿ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಉಳಿದದ್ದರಲ್ಲಿ ಓಡಾಟ ಎಷ್ಟು, ಲಾಭ ಎಷ್ಟು ಅಂತ ಆ ರಸೀದಿಯಲ್ಲಿ ಇರಲಿಲ್ಲ.

‘ಮೊದಲು ಮದುವೆ ಆಗಿತ್ತಾ?’ ಅಂತ ಏಜೆಂಟರು ಕೇಳಲಿಲ್ಲ. ತಂದೆ ತಾವಾಗಿ ಹೇಳಲಿಲ್ಲ.

ಕೊರಿಯರ್ ಮಗನ ಕೈ ಸೇರಿತು. ನಗರಸಭೆಯ ಅರ್ಜಿ ತುಂಬುತ್ತಾ ಕುಳಿತಾಗ ಒಂದು ಪ್ರಶ್ನೆ ಬಂತು: ಹಿಂದಿನ ಮದುವೆಗಳು ಇದ್ದರೆ ವಿವರ ಕೊಡಿ. ಅವನು ಅಲ್ಲಿಗೆ ನಿಲ್ಲಿಸಿದ. ಮದುವೆಯಾಗುವ ಹುಡುಗಿಗೆ ಹಳೆಯದೆಲ್ಲ ಮೊದಲೇ ಗೊತ್ತಿತ್ತು. ‘ಇಲ್ಲಿ ಇಲ್ಲ ಅಂತ ಬರೆದರೆ ನಮ್ಮ ಮದುವೆ ಸುಳ್ಳಿನಿಂದ ಶುರುವಾಗುತ್ತೆ’ ಅಂತ ಅವಳೇ ಹೇಳಿದಳಂತೆ. ಆ ರಾತ್ರಿ ಅವನು ನನಗೆ ಫೋನ್ ಮಾಡಿದ. ಅವನ ಗೆಳೆಯನೊಬ್ಬನ ಕೆಲಸ ನಾನು ಮಾಡಿಕೊಟ್ಟಿದ್ದೆ, ಆ ಪರಿಚಯ.

“ಮೇಡಂ, ನನ್ನ ಕೈಯಾಗ ಒಂದು ಸುಳ್ಳು ಕಾಗದ ಐತ್ರಿ. ಅದರ ಮ್ಯಾಲೆ ಎಲ್ಲಾ ಖರೇ ಸೀಲು ಅದಾವ್ರಿ. ಈಗ ಏನ್ ಮಾಡ್ಲಿ?”

ಅವನು ಆ ಅರ್ಜಿ ಒಪ್ಪಿಸದೇ ಫೋನ್ ಮಾಡಿದ್ದು ಈ ಪ್ರಕರಣದ ಮೊದಲ ತಿರುವು. ಒಪ್ಪಿಸಿದ್ದರೆ ಬಹುಶಃ ಮದುವೆ ನಡೆದೂ ಬಿಡುತ್ತಿತ್ತು. ಆದರೆ ಸಾಮೂಹಿಕ ವಿವಾಹದ ರಿಜಿಸ್ಟರಿನಲ್ಲಿ ಅವನ ಹೆಸರಿತ್ತು. ಜಾತ್ರೆಯ ಫೋಟೋ ಯಾರದೋ ಫೇಸ್‌ಬುಕ್‌ನಲ್ಲಿ ಇನ್ನೂ ಇತ್ತು. ಹತ್ತು ವರ್ಷ ಬಿಟ್ಟು ಪೌರತ್ವಕ್ಕೋ ಮಕ್ಕಳ ಕಾಗದಕ್ಕೋ ಯಾರಾದರೂ ತೆಗೆದು ನೋಡಿದರೆ ಏನು ಹೇಳುವುದು?

ಸೀಲು ಯಾವುದಕ್ಕೆ ಸಾಕ್ಷಿ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಜನ ಇದನ್ನು ತಪ್ಪು ತಿಳಿದಿರುತ್ತಾರೆ.

ನಮ್ಮ ದೇಶದಲ್ಲಿ ಇಂಥವರಿಗೆ ಮದುವೆಯಾಗಿಲ್ಲ ಅಂತ ಗೊತ್ತಿರುವ ಕಚೇರಿ ಒಂದೂ ಇಲ್ಲ. ನೆದರ್ಲ್ಯಾಂಡ್ಸ್‌ನಲ್ಲಿ ನಗರಸಭೆಯ ನೋಂದಣಿಯಲ್ಲಿ ಪ್ರತಿಯೊಬ್ಬರ ಮದುವೆಯ ಸ್ಥಿತಿ ಬರೆದಿರುತ್ತದೆ. ನಮ್ಮಲ್ಲಿ ಉಪನೋಂದಣಾಧಿಕಾರಿ ತಮ್ಮ ದಾಖಲೆಯಲ್ಲಿ ಈ ಹೆಸರು ಇಲ್ಲ ಅಂತ ಹೇಳಬಹುದು, ಅಷ್ಟೇ. ಮದುವೆ ನೋಂದಣಿ ಆಗಿಲ್ಲ ಅಂದರೆ ಮದುವೆಯೇ ಆಗಿಲ್ಲ ಅಂತ ಅರ್ಥವಲ್ಲ. ಹಿಂದೂ ವಿವಾಹ ಕಾಯ್ದೆ 1955ರ 8ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ನೋಂದಣಿ ಮಾಡಿಸದಿದ್ದರೂ ಮದುವೆ ಮದುವೆಯೇ.

ಹಾಗಾಗಿ ನಮ್ಮ ಸಿಂಗಲ್ ಸ್ಟೇಟಸ್ ಕಾಗದ ಅಂದರೆ ಮೂಲದಲ್ಲಿ ಒಂದು ಪ್ರಮಾಣ. ನಾನು ಹೀಗಿದ್ದೇನೆ ಅಂತ ವ್ಯಕ್ತಿ ಹೇಳುತ್ತಾನೆ. ಅವನೇ ಸಹಿ ಹಾಕಿದ ಅಂತ ನೋಟರಿ ಹೇಳುತ್ತಾರೆ. ಆ ನೋಟರಿಯ ಸಹಿ, ಸೀಲು ಸರಿಯಿದೆ ಅಂತ ರಾಜ್ಯ ಸರ್ಕಾರ ಹೇಳುತ್ತದೆ. ರಾಜ್ಯದ ಅಧಿಕಾರಿಯ ಸಹಿ ಸರಿಯಿದೆ ಅಂತ ವಿದೇಶಾಂಗ ಸಚಿವಾಲಯ ಹೇಳುತ್ತದೆ. ಪ್ರತಿ ಸೀಲೂ ತನ್ನ ಕೆಳಗಿನ ಸಹಿಗೆ ಮಾತ್ರ ಸಾಕ್ಷಿ. ಕಾಗದದ ಒಳಗೆ ಬರೆದದ್ದು ನಿಜವೋ ಸುಳ್ಳೋ ಅಂತ ಯಾರೂ ನೋಡುವುದಿಲ್ಲ. ಅದನ್ನು ನೋಡುವುದು ಅಪೊಸ್ಟಿಲ್‌ನ ಕೆಲಸವೂ ಅಲ್ಲ. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದಲ್ಲೇ ಹಾಗಿದೆ: ಸಹಿ ಯಾರದು, ಯಾವ ಹುದ್ದೆಯಲ್ಲಿ ಹಾಕಿದರು, ಸೀಲು ಅಸಲಾ, ಇಷ್ಟು. ಭಾರತಕ್ಕೆ ಈ ಒಪ್ಪಂದ 2005ರ ಜುಲೈ 14ರಿಂದ ಜಾರಿಯಲ್ಲಿದೆ.

ಒಂದು ಮಾತು ಮಧ್ಯದಲ್ಲೇ ಹೇಳಿಬಿಡುತ್ತೇನೆ, ನಮ್ಮ ಭಾಗದಿಂದ ಗಲ್ಫ್‌ಗೆ ಹೋಗುವವರು ಬಹಳ ಇದ್ದಾರೆ. ಸೌದಿ, ಒಮಾನ್ ಈ ಒಪ್ಪಂದದಲ್ಲಿವೆ. ಯುಎಇ ಇಲ್ಲ. ಅಲ್ಲಿಗೆ ಅಪೊಸ್ಟಿಲ್ ನಡೆಯುವುದಿಲ್ಲ, ಸಚಿವಾಲಯದ ಸಾಮಾನ್ಯ ದೃಢೀಕರಣದ ನಂತರ ಆ ದೇಶದ ರಾಯಭಾರ ಕಚೇರಿಯ ಸೀಲು ಬೇಕು. ಯಾವ ದೇಶಕ್ಕೆ ಅಂತ ಮೊದಲೇ ಹೇಳದಿದ್ದರೆ ದುಡ್ಡು, ದಿನ ಎರಡೂ ಹಾಳು.

ಮಾರನೇ ದಿನ ತಂದೆಯನ್ನು ಕರೆಸಿದೆ. ಬಿಳಿ ಧೋತರ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಬಹಳ ಮರ್ಯಾದಸ್ಥ ಮನುಷ್ಯ. ಸುಳ್ಳು ಹೇಳಿದ್ದೇನೆ ಅನ್ನುವ ಅಳುಕು ಅವರ ಮುಖದಲ್ಲಿ ಇರಲಿಲ್ಲ. ಅದೇ ನನಗೆ ಆಶ್ಚರ್ಯ.

“ಅದೇನ್ ಮದುವಿ ಅಂತೀರಿ ಮೇಡಂ? ನಾಕು ತಿಂಗಳು ಸೈತ ಬಾಳೇವು ಮಾಡ್ಲಿಲ್ಲ. ಹಿರಿಯಾರು ಕುಂತು ಬಿಡಿಸಿದ್ರು. ಸೋಡಚೀಟಿ ಆದ ಮ್ಯಾಲೆ ಅದು ಆಗಿಲ್ಲ ಅಂತಾನ ಲೆಕ್ಕ.”

“ಕಾಕಾ, ಬಿಡಿಸಿದ್ರು ಅಂದ್ರೆ ಆಗಿತ್ತು ಅಂತ ಆಯ್ತಲ್ರಿ” ಅಂದೆ.

ಅವರು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಚೀಲದಿಂದ ಸೋಡಚೀಟಿಯ ಝೆರಾಕ್ಸ್ ತೆಗೆದು ಮೇಜಿನ ಮೇಲೆ ಇಟ್ಟರು.

ಇದು ಬರೀ ಮಾತಿನ ಜಗಳವಲ್ಲ. ಅವರ ಊರಿನ ಅರ್ಥದಲ್ಲಿ ಅವರು ಹೇಳಿದ್ದು ಸರಿ. ಆ ಹುಡುಗನಿಗೆ ಹೆಂಡತಿ ಇಲ್ಲ, ಇಡೀ ಊರು ಸಾಕ್ಷಿ ಹೇಳುತ್ತದೆ. ಆದರೆ ‘ಸಿಂಗಲ್’ ಅನ್ನುವ ಒಂದು ಪದದೊಳಗೆ ಮೂರು ಬೇರೆ ಸ್ಥಿತಿ ಇವೆ: ಮದುವೆಯೇ ಆಗದವರು, ವಿಚ್ಛೇದನ ಆದವರು, ಗಂಡ ಅಥವಾ ಹೆಂಡತಿ ತೀರಿಕೊಂಡವರು. ಮೂವರೂ ಮತ್ತೆ ಮದುವೆಯಾಗಬಹುದು. ಮೂವರ ಕಾಗದ ಮಾತ್ರ ಬೇರೆ ಬೇರೆ. ಏಜೆಂಟರ ಕಂಪ್ಯೂಟರಿನಲ್ಲಿ ಒಂದೇ ಮಾದರಿ ಇತ್ತು.

ಮೊದಲು ತೆಗೆದುಕೊಂಡ ತೀರ್ಮಾನ: ಆ ಅಫಿಡವಿಟ್ ಎಲ್ಲೂ ಬಳಸಬಾರದು. ಹರಿಯಲೂ ಬಾರದು, ಅದು ಇತ್ತು ಅನ್ನುವುದನ್ನು ಮುಚ್ಚಿಡುವುದು ಬೇಡ. ಮಗ ಅದನ್ನು ವಾಪಸ್ ಕಳಿಸಿದ. ಹಿಂದಿನ ಪ್ರಮಾಣ ತಪ್ಪು, ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ ಅಂತ ತಂದೆಯಿಂದ ಹೊಸ ಅಫಿಡವಿಟ್ ಮಾಡಿಸಿ ಎರಡನ್ನೂ ಫೈಲಿಗೆ ಹಾಕಿದೆ. ಮಗ ನೆದರ್ಲ್ಯಾಂಡ್ಸ್‌ಗೆ ಹೋದಾಗ ಅಲ್ಲಿನ ನಗರಸಭೆಯಲ್ಲೂ ತಾನು ಅವಿವಾಹಿತ ಅಂತಲೇ ಬರೆಸಿದ್ದ. ಅದನ್ನು ತಿದ್ದಬೇಕಿದೆ, ಕೋರ್ಟಿನ ಕಾಗದ ಬಂದ ಮೇಲೆ ಕೊಡುತ್ತೇನೆ ಅಂತ ಅವನೇ ಅವರಿಗೆ ಪತ್ರ ಬರೆದ. ನಾನು ಹೆದರಿದ್ದೆ. ಅವರು ಸರಿ, ತನ್ನಿ ಅಂದರು.

ನಾನು ಎಡವಿದ ಜಾಗ

ಸೋಡಚೀಟಿಯನ್ನು ಹಾಗೇ ಅನುವಾದ ಮಾಡಿಸಿ ಅಪೊಸ್ಟಿಲ್ ಮಾಡಿಸಬಹುದಿತ್ತಲ್ಲ ಅಂತ ಕೇಳಬಹುದು. ಅದು ಐದು ಜನ ಹಿರಿಯರು ಸಹಿ ಹಾಕಿದ ಖಾಸಗಿ ಕಾಗದ. ಹೊರದೇಶದ ಅಧಿಕಾರಿ ವಿಚ್ಛೇದನಕ್ಕೆ ಕೋರ್ಟಿನ ತೀರ್ಪು ಕೇಳುತ್ತಾರೆ. ಹಾಗಾದರೆ ಕೋರ್ಟಿಗೆ ಹೋಗಲೇಬೇಕು.

ನನ್ನ ತಲೆಗೆ ಮೊದಲು ಬಂದದ್ದು ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ, ಪರಸ್ಪರ ಒಪ್ಪಿಗೆಯ ವಿಚ್ಛೇದನ. ಒಂದು ವರ್ಷಕ್ಕಿಂತ ಹೆಚ್ಚು ಬೇರೆ ಇರಬೇಕು, ಇವರು ಒಂಬತ್ತು ವರ್ಷ ಬೇರೆ ಇದ್ದರು. ಆರು ತಿಂಗಳು ಕಾಯುವ ನಿಯಮವನ್ನು ತಕ್ಕ ಕಾರಣವಿದ್ದರೆ ಕೋರ್ಟು ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಬರಲಾಗದವರು ವಿಡಿಯೋ ಮೂಲಕ ಹಾಜರಾಗಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. ದಾರಿ ಸಲೀಸು ಅನ್ನಿಸಿತು. ಅರ್ಜಿ ಬರೆದೂ ಬಿಟ್ಟೆ.

ಆಕೆಯ ವಿಳಾಸ ತುಂಬುವಾಗ ತಂದೆಯನ್ನು ಕೇಳಿದೆ. “ಆಕೀಗೆ ಉಡಿಕಿ ಆಗೇತ್ರಿ. ಸಿಂಧನೂರು ಕಡೆ ಅದಾಳ. ಎರಡು ಮಕ್ಕಳು.”

ಪೆನ್ನು ಕೆಳಗಿಟ್ಟೆ. ಉಡಿಕಿ ಅಂದರೆ ಮರುಮದುವೆ. 2017ರಲ್ಲೇ ಆಗಿತ್ತು. ಈಗ 13ಬಿ ಅರ್ಜಿ ಹಾಕಿದರೆ ಅದರ ಅರ್ಥ ಏನು? ಇವರಿಬ್ಬರ ಮದುವೆ ಇವತ್ತಿನವರೆಗೂ ಊರ್ಜಿತದಲ್ಲಿದೆ, ಈಗ ಬಿಡಿಸಿ ಅಂತ. ಹಾಗಾದರೆ 2017ರಲ್ಲಿ ಆಕೆ ಆದ ಮದುವೆ? ಮೊದಲ ಗಂಡ ಇರುವಾಗ ಎರಡನೇ ಮದುವೆ. ಕಾಯ್ದೆಯಲ್ಲಿ ಅದು ಅಸಿಂಧು. 2017ರಲ್ಲಿ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 494ನೇ ಕಲಂನಲ್ಲಿ ಅಪರಾಧ. ಒಬ್ಬನ ಮದುವೆಯ ಕಾಗದ ಸರಿ ಮಾಡಲು ಹೋಗಿ ಒಂದು ಸಂಸಾರವನ್ನೇ ಕಟಕಟೆಗೆ ನಿಲ್ಲಿಸಿದ ಹಾಗಾಗುತ್ತಿತ್ತು. ಆಕೆ ಅದಕ್ಕೆ ಸಹಿ ಹಾಕಿದ್ದರೂ ತಿಳಿಯದೇ ಹಾಕುತ್ತಿದ್ದಳು.

ಆ ಕರಡನ್ನು ಈಗಲೂ ಇಟ್ಟುಕೊಂಡಿದ್ದೇನೆ. ಆಕೆಯ ಬದುಕು ಏನಾಗಿದೆ ಅಂತ ಕೇಳುವ ಮೊದಲೇ ನಾನು ಅದನ್ನು ಬರೆದಿದ್ದೆ. ಅದು ನನ್ನ ತಪ್ಪು. ಅಂದಿನಿಂದ ಇಂಥ ಕೆಲಸಕ್ಕೆ ಯಾರೇ ಬಂದರೂ ಕೇಳುವ ಎರಡನೇ ಪ್ರಶ್ನೆ ಇದು: ಆ ಕಡೆಯವರು ಈಗ ಹೇಗಿದ್ದಾರೆ?

ಉಳಿದದ್ದು ಇನ್ನೊಂದು ದಾರಿ. ಹಿಂದೂ ವಿವಾಹ ಕಾಯ್ದೆಯ 29ನೇ ಕಲಂನ 2ನೇ ಉಪಕಲಂ ರೂಢಿಯ ವಿಚ್ಛೇದನವನ್ನು ಉಳಿಸಿದೆ. ಸಮುದಾಯದಲ್ಲಿ ಅಂಥ ರೂಢಿ ನಿಜವಾಗಿ ಇದ್ದರೆ ಅದರ ಪ್ರಕಾರ ಬಿಡಿಸಿಕೊಂಡದ್ದು ನಡೆಯುತ್ತದೆ. ಆದರೆ ಅದು ಸಾಮಾನ್ಯ ಕಾನೂನಿಗೆ ಹೊರತಾದದ್ದು, ಆದ್ದರಿಂದ ರೂಢಿ ಇದೆ ಅಂತ ಸ್ಪಷ್ಟವಾಗಿ ಹೇಳಿ, ಸಾಕ್ಷ್ಯ ಕೊಟ್ಟು ಸಾಬೀತು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಹೊಸದಾಗಿ ವಿಚ್ಛೇದನ ಕೇಳುವುದು ಬೇಡ. 2015ರಲ್ಲಿ ರೂಢಿಯಂತೆ ಮದುವೆ ಬಿಡುಗಡೆಯಾಗಿದೆ ಅಂತ ಘೋಷಿಸಿ ಅಂತ ಕೇಳುವುದು. ಘೋಷಣೆಯ ದಾವೆ. ಇದು 13ಬಿಗಿಂತ ಕಷ್ಟ, ಸೋಲುವ ಸಾಧ್ಯತೆಯೂ ಇತ್ತು. ಗೆದ್ದರೆ ಇಬ್ಬರಿಗೂ ನೆಲ ಗಟ್ಟಿಯಾಗುತ್ತದೆ.

ಮಗನಿಗೆ ಎರಡೂ ದಾರಿ ವಿವರಿಸಿದೆ. ಕಷ್ಟದ್ದು, ತಡವಾಗುವುದು, ಖಾತ್ರಿ ಇಲ್ಲದ್ದು ಯಾವುದು ಅಂತಲೂ ಹೇಳಿದೆ. “ಆಕೀಗೆ ತೊಂದ್ರಿ ಆಗೋ ದಾರಿ ಬ್ಯಾಡ್ರಿ ಮೇಡಂ” ಅಂದ. ಒಂದು ನಿಮಿಷವೂ ಯೋಚಿಸಲಿಲ್ಲ.

ಲ್ಯಾಮಿನೇಶನ್ ಮಾಡಿದ ಕಾಗದ

ಸಿಂಧನೂರು ತಾಲ್ಲೂಕಿನ ಆ ಊರಿಗೆ ನಾನೇ ಹೋದೆ. ನಾಟಿ ಸಮಯ. ಆಕೆ ಗದ್ದೆಯಿಂದ ಬಂದು ಕೈಕಾಲು ತೊಳೆದು ಕುಳಿತಳು. ಗಂಡ ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುವವನು, ರಜೆ ಹಾಕಿ ಮನೆಯಲ್ಲೇ ಇದ್ದ. ಎಲ್ಲ ಗೊತ್ತಿದ್ದೇ ಮದುವೆಯಾದವನು.

ನಾನು ಹೇಳಿದ್ದನ್ನೆಲ್ಲ ಕೇಳಿ ಆಕೆ ಒಳಗೆ ಹೋದಳು. ರೇಷನ್ ಕಾರ್ಡು, ಮಕ್ಕಳ ತಾಯಿ ಕಾರ್ಡು, ಪಾಸ್‌ಬುಕ್ಕು ಇಟ್ಟಿದ್ದ ಚೀಲ ತಂದಳು. ಅದರೊಳಗಿಂದ ಸೋಡಚೀಟಿಯ ಅಸಲು ಪ್ರತಿ ಹೊರಬಂತು. ಲ್ಯಾಮಿನೇಶನ್ ಮಾಡಿಸಿದ್ದಳು. ಒಂದು ಮೂಲೆಯಲ್ಲಿ ಅರಿಶಿನದ ಕಲೆ, ಕೆಳಗೆ ನೀಲಿ ಮಸಿಯ ಎರಡು ಹೆಬ್ಬೆಟ್ಟು, ಮೂರು ಸಹಿ. ಮೇಲೆ 20 ರೂಪಾಯಿಯ ಇ-ಸ್ಟ್ಯಾಂಪ್. ತಂದೆಯ ಹತ್ತಿರ ಇದ್ದ ಮಸುಕು ಝೆರಾಕ್ಸಿನಲ್ಲಿ ಮೇಲಿನ ಭಾಗ ಕತ್ತರಿಸಿ ಹೋಗಿತ್ತು. ಇಲ್ಲಿ ಸರ್ಟಿಫಿಕೇಟ್ ಸಂಖ್ಯೆ, ಕೊಂಡ ದಿನ, ಗಂಟೆ, ನಿಮಿಷ ಎಲ್ಲ ಓದಲು ಬರುತ್ತಿತ್ತು.

ಇದು ಎಷ್ಟು ದೊಡ್ಡ ವಿಷಯ ಅಂತ ವಕೀಲರಿಗೆ ಗೊತ್ತಾಗುತ್ತದೆ. ಇ-ಸ್ಟ್ಯಾಂಪ್ ಸಂಖ್ಯೆಯನ್ನು ಆನ್‌ಲೈನ್‌ನಲ್ಲಿ ಪರಿಶೀಲಿಸಬಹುದು. ಈ ಕಾಗದವನ್ನು ಹೊರದೇಶದ ಮದುವೆಗೋಸ್ಕರ ಈಗ ಹುಟ್ಟಿಸಿದ್ದಲ್ಲ, 2015ರಲ್ಲೇ ಕೊಂಡದ್ದು ಅಂತ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

“ಇದನ್ನ ಕೊಡಂಗಿಲ್ರಿ” ಅಂದಳು. “ಯಾರರ ಏನರ ಅಂದ್ರ ತೋರ್ಸಾಕ ನನ್ ಹತ್ರ ಇದೊಂದ ಐತಿ.”

ಒಂಬತ್ತು ವರ್ಷ ಆಕೆ ಆ ಭಯದಲ್ಲೇ ಇದ್ದಳು ಅಂತ ಆಗ ಅರ್ಥವಾಯಿತು. ನಾವು ಒತ್ತಾಯ ಮಾಡಲಿಲ್ಲ. ನಾನು ಹುಡುಗನ ವಕೀಲೆ, ಆಕೆಗೆ ಸಲಹೆ ಕೊಡುವುದು ನನ್ನ ಕೆಲಸ ಅಲ್ಲ, ಸರಿಯೂ ಅಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ನೋಡದೇ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಹಾಕುವುದು ಹೇಗೆ ಅಂತ ಮಾತ್ರ ಹೇಳಿ ಬಂದೆ. ಹದಿನೈದು ದಿನ ಬಿಟ್ಟು ಆಕೆಯ ವಕೀಲೆ ಫೋನ್ ಮಾಡಿದರು. ಆಕೆಗೆ ಎರಡು ಷರತ್ತು ಇದ್ದವು. ಸಾಕ್ಷಿ ಹೇಳಲು ಒಂದೇ ದಿನ ಬರುತ್ತಾಳೆ, ನಾಟಿ ಕೂಲಿ ತಪ್ಪಿಸಿಕೊಂಡು ಮತ್ತೆ ಮತ್ತೆ ಬರಲು ಆಗುವುದಿಲ್ಲ. ಅಸಲು ಕಾಗದ ಅವಳೇ ತರುತ್ತಾಳೆ, ಅವಳಿಗೇ ವಾಪಸ್ ಬರಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಅವಕಾಶ ಇದೆ: ದೃಢೀಕೃತ ನಕಲು ಇಟ್ಟು ಅಸಲನ್ನು ವಾಪಸ್ ಪಡೆಯಬಹುದು. ಒಪ್ಪಿಕೊಂಡೆವು.

ಕೋರ್ಟಿನಲ್ಲಿ

ನ್ಯಾಯಾಧೀಶರು ಕೇಳಿದ ಮೊದಲ ಪ್ರಶ್ನೆ: ಇಬ್ಬರೂ ಒಪ್ಪಿದ್ದೀರಿ, ಮತ್ತೆ ದಾವೆ ಯಾಕೆ? ನಮ್ಮ ಉತ್ತರ: ಒಬ್ಬರಿಗೆ ಮದುವೆ ಇದೆಯೋ ಇಲ್ಲವೋ ಅನ್ನುವುದು ಇಬ್ಬರು ಒಪ್ಪಿಕೊಂಡ ಮಾತ್ರಕ್ಕೆ ತೀರ್ಮಾನವಾಗುವುದಿಲ್ಲ. ಊರು ಒಪ್ಪಿದ ಕಾಗದವನ್ನು ಊರ ಹೊರಗೆ ಯಾರೂ ಒಪ್ಪುತ್ತಿಲ್ಲ. ಒಪ್ಪಿಗೆಯ ಮೇಲೆ ಡಿಕ್ರಿ ಬೇಡ, ಸಾಕ್ಷ್ಯ ಕೊಡುತ್ತೇವೆ, ಅದರ ಮೇಲೆ ತೀರ್ಮಾನಿಸಿ.

ಸಾಕ್ಷ್ಯ ಕೂಡಿಸಲು ಎರಡು ತಿಂಗಳು ಓಡಾಡಿದೆ. ಸೋಡಚೀಟಿಗೆ ಸಹಿ ಹಾಕಿದ ಹಿರಿಯರಲ್ಲಿ ಇಬ್ಬರು ತೀರಿಕೊಂಡಿದ್ದರು, ಮೂವರು ಇದ್ದರು. ಅದೇ ಸಮುದಾಯದ ಹಳೆಯ ಸೋಡಚೀಟಿಗಳು ನಾಲ್ಕು ಸಿಕ್ಕವು, ಒಂದು ಅಂತೂ ಮುಟ್ಟಿದರೆ ಪುಡಿಯಾಗುವಂಥದ್ದು. ಹಾಗೆ ಬಿಡಿಸಿಕೊಂಡು ಉಡಿಕಿಯಾಗಿ, ಮಕ್ಕಳು ಮೊಮ್ಮಕ್ಕಳು ಆಗಿ, ಮದುವೆ ಮುಂಜಿಯಲ್ಲಿ ಎಲ್ಲರ ಜೊತೆ ಉಂಡು ತಿಂದು ಬಾಳಿದ ಇಬ್ಬರು ಅಜ್ಜಿಯರು ಬಂದು ಹೇಳಿದರು. ರೂಢಿ ಅಂದರೆ ಬಹಳ ಕಾಲದಿಂದ, ಒಂದೇ ತೆರನಾಗಿ ನಡೆದುಕೊಂಡು ಬಂದದ್ದು ಅಂತ ಕಾಯ್ದೆ ಹೇಳುತ್ತದೆ. ಅದನ್ನು ಆ ಅಜ್ಜಿಯರಿಗಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳುವುದಿಲ್ಲ.

ಇನ್ನೊಂದು ಗಂಟು ಹೆಸರಿನದು. ಸೋಡಚೀಟಿಯಲ್ಲಿ ಹುಡುಗನಿಗೆ ಮನೆಯಲ್ಲಿ ಕರೆಯುವ ಹೆಸರು ಇತ್ತು. ಪಾಸ್‌ಪೋರ್ಟಿನಲ್ಲಿ ಶಾಲೆಯ ಹೆಸರು, ಜೊತೆಗೆ ಮನೆತನದ ಹೆಸರು. ನೆದರ್ಲ್ಯಾಂಡ್ಸ್‌ನ ಅಧಿಕಾರಿಗೆ ಇವರಿಬ್ಬರೂ ಒಬ್ಬನೇ ಅಂತ ಹೇಗೆ ಗೊತ್ತಾಗಬೇಕು? ದಾವೆಯಲ್ಲೇ ‘ಉರ್ಫ್’ ಹಾಕಿ ಎರಡೂ ಹೆಸರು ಬರೆದೆವು, ಶಾಲೆಯ ದಾಖಲೆ ಹಾಜರು ಮಾಡಿದೆವು, ಡಿಕ್ರಿಯಲ್ಲೂ ಎರಡೂ ಹೆಸರು ಬರುವ ಹಾಗೆ ನೋಡಿಕೊಂಡೆವು. ಆಮೇಲೆ ಬೇರೆ ಅಫಿಡವಿಟ್ ಮಾಡಿಸಿದರಾಯಿತು ಅಂತ ಬಿಟ್ಟಿದ್ದರೆ ಅದಕ್ಕೊಂದು ಅಪೊಸ್ಟಿಲ್, ಅದಕ್ಕೊಂದು ಪ್ರಶ್ನೆ.

ಮಗ ಮೂರು ವಾರ ರಜೆ ಮೇಲೆ ಬಂದ. ಅವನ ಸಾಕ್ಷ್ಯ, ತಂದೆಯದು, ಆಕೆಯದು ಒಂದೇ ವಾರದಲ್ಲಿ ಇಟ್ಟುಕೊಡಿ ಅಂತ ಕೇಳಿದ್ದೆವು, ಕೋರ್ಟು ಒಪ್ಪಿತ್ತು.

ತಂದೆ ತಮ್ಮ ಮುಖ್ಯ ವಿಚಾರಣೆಯಲ್ಲೇ ಹಿಂದಿನ ಅಫಿಡವಿಟ್ ವಿಷಯ ಹೇಳಿದರು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ, ಯಾಕೆ ಹಾಗೆ ಬರೆಸಿದಿರಿ ಅಂತ ಕೇಳಿದರು. “ಬಿಟ್ಟ ಮ್ಯಾಲೆ ಇಲ್ಲ ಅಂತಾನ ತಿಳ್ಕೊಂಡಿದ್ದೆ ಸಾಹೇಬ್ರ. ಅದು ತಪ್ಪು ಅಂತ ಈಗ ಗೊತ್ತಾಗೇತಿ. ಹುಡುಗಿ ಮದುವಿ ಆಗಿ ನಮ್ಮ ಮನಿಗೆ ಬಂದಿದ್ಲು. ಅದನ್ನ ಇಲ್ಲ ಅನ್ನಬಾರದಿತ್ತು.” ಎದುರಿನ ಬೆಂಚಿನಲ್ಲಿ ಆಕೆ ಕುಳಿತಿದ್ದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದವಳು ತಲೆ ಎತ್ತಿ ಅವರನ್ನು ನೋಡಿದಳು.

ದಾವೆ ಹಾಕಿದ ಎಂಟನೇ ತಿಂಗಳಿಗೆ ತೀರ್ಪು ಬಂತು. ರೂಢಿ ಸಾಬೀತಾಗಿದೆ, 2015ರ ಆ ದಿನದಿಂದ ಮದುವೆ ಬಿಡುಗಡೆಯಾಗಿದೆ ಅಂತ ಘೋಷಣೆ.

ಮತ್ತೆ ಅದೇ ಸೀಲುಗಳು

ಇಲ್ಲಿಂದ ಮುಂದೆ ಸಲೀಸಾಯಿತು. ಮೂರು ಕಡೆ ಮಾತ್ರ ಎಚ್ಚರ ಬೇಕಾಯಿತು.

ಅಫಿಡವಿಟ್ ಅನ್ನು ಈ ಸಲ ಮಗನೇ ಮಾಡಿದ. ತೀರ್ಪು ಬಂದ ಮೇಲೆ ನಾಲ್ಕು ದಿನಕ್ಕೆ ಊರಿಗೆ ಬಂದಿದ್ದ. ಕೇಸು ನಡೆಯುವಾಗಲೇ ಮಾಡಿಸಿ ಇಡೋಣ ಅಂತ ತಂದೆ ಹೇಳಿದ್ದರು, ಬೇಡ ಅಂದಿದ್ದೆ. ಆರು ತಿಂಗಳ ಗಡುವು ಸಹಿ ಹಾಕಿದ ದಿನದಿಂದ ಎಣಿಕೆ. ಅದರಲ್ಲಿ ಬರೆದದ್ದು ಹೀಗೆ: ಇಂಥ ದಿನ ಇಂಥವರ ಜೊತೆ ಮದುವೆಯಾಗಿತ್ತು, ಇಂಥ ದಿನ ರೂಢಿಯಂತೆ ಬಿಡುಗಡೆಯಾಯಿತು, ಇಂಥ ಸಂಖ್ಯೆಯ ದಾವೆಯಲ್ಲಿ ಕೋರ್ಟು ಹಾಗೆ ಘೋಷಿಸಿದೆ, ಅದಾದ ಮೇಲೆ ಬೇರೆ ಮದುವೆಯಾಗಿಲ್ಲ, ಈಗ ಮದುವೆಯಾಗಲು ಅಡ್ಡಿ ಇಲ್ಲ. ‘ಅವಿವಾಹಿತ’ ಅನ್ನುವ ಪದ ಎಲ್ಲೂ ಇರಲಿಲ್ಲ.

ಎರಡನೆಯದು ಅನುವಾದ. ತೀರ್ಪು ಕನ್ನಡದಲ್ಲಿತ್ತು. ಅನುವಾದಕರು ಸೋಡಚೀಟಿಗೆ ‘ಸೆಪರೇಷನ್ ಅಗ್ರಿಮೆಂಟ್’ ಅಂತ ಹಾಕಿದ್ದರು. ಅಂದರೆ ಬೇರೆ ಇರಲು ಮಾಡಿಕೊಂಡ ಒಪ್ಪಂದ. ಓದಿದವರಿಗೆ ಮದುವೆ ಇನ್ನೂ ಇದೆ, ಇಬ್ಬರೂ ದೂರ ಇದ್ದಾರೆ ಅಷ್ಟೇ ಅಂತ ಅನ್ನಿಸುತ್ತದೆ. ಎಂಟು ತಿಂಗಳ ಕೆಲಸ ಒಂದು ಪದದಲ್ಲಿ ಮುಳುಗುತ್ತಿತ್ತು. ‘ಸೋಡಚೀಟಿ’ ಅನ್ನುವ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಮುಂದೆ ‘ಕಸ್ಟಮರಿ ಡೈವೋರ್ಸ್ ಡೀಡ್’ ಅಂತ ಸೇರಿಸಿದೆವು. ಕಾನೂನಿನ ಅನುವಾದವನ್ನು ನಮ್ಮ ಕಡೆಯ ಪದ ಗೊತ್ತಿರುವ ಒಬ್ಬರು ಕೂತು ಓದಲೇಬೇಕು.

ಮೂರನೆಯದು, ತೀರ್ಪಿನ ದೃಢೀಕೃತ ನಕಲು ಮತ್ತು ಅಫಿಡವಿಟ್ ಎರಡಕ್ಕೂ ಬೇರೆ ಬೇರೆ ಅಪೊಸ್ಟಿಲ್. ಒಂದಕ್ಕೆ ಮಾಡಿಸಿ ಇನ್ನೊಂದನ್ನು ಪಿನ್ ಹೊಡೆದು ಸೇರಿಸಿದರೆ ನಡೆಯುವುದಿಲ್ಲ.

ಏಜೆಂಟರು ಬೇಡ ಅಂತ ತಂದೆಯೇ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದರು. ರಾಜ್ಯದ ದೃಢೀಕರಣ ಮುಗಿಸಿ, ಸಚಿವಾಲಯದ ಪರವಾಗಿ ಕಾಗದ ಸ್ವೀಕರಿಸುವ ಅಧಿಕೃತ ಕೇಂದ್ರದಲ್ಲಿ ಕೊಟ್ಟರು. ಬೆಂಗಳೂರಿನಲ್ಲೇ ಅಪೊಸ್ಟಿಲ್ ಆಗುತ್ತದೆ, ದೆಹಲಿಗೆ ಹೋಗಬೇಕಿಲ್ಲ. ಎರಡು ಸಲ ಹೋಗಿ ಬರುವ ರೈಲು ಖರ್ಚು, ಊಟ, ಶುಲ್ಕ ಎಲ್ಲ ಸೇರಿ ಮೊದಲ ಸಲ ಏಜೆಂಟರಿಗೆ ಕೊಟ್ಟಿದ್ದರ ಅರ್ಧವೂ ಆಗಲಿಲ್ಲ. ಚೀಟಿಯಲ್ಲಿ ಲೆಕ್ಕ ಬರೆದುಕೊಂಡು ಬಂದು ತೋರಿಸಿದರು.

ನಗರಸಭೆ ಎರಡು ವಾರ ತೆಗೆದುಕೊಂಡಿತು. ಒಂದೇ ಪ್ರಶ್ನೆ ಕೇಳಿತು: ಬಿಡುಗಡೆಯ ದಿನ ಯಾವುದು, 2015ರದ್ದೋ ತೀರ್ಪಿನದ್ದೋ? ತೀರ್ಪಿನ ಕೊನೆಯ ಪ್ಯಾರಾ ತೋರಿಸಿದ. ಒಪ್ಪಿದರು. ನೋಂದಣಿ ತಿದ್ದಿಕೊಂಡರು. ಮದುವೆಯಾಯಿತು. ತಂದೆ ತಾಯಿ ವಿಡಿಯೋದಲ್ಲಿ ನೋಡಿದರು.

ಅಸಲು ಸೋಡಚೀಟಿ ವಾಪಸ್ ಪಡೆಯುವ ದಿನ ಆಕೆ ಗಂಡನ ಬೈಕಿನಲ್ಲಿ ಬಂದಿದ್ದಳು. ಅವಳ ವಕೀಲೆ ಅದರ ಜೊತೆಗೆ ತೀರ್ಪಿನ ಒಂದು ದೃಢೀಕೃತ ನಕಲನ್ನೂ ಕೊಟ್ಟರು. ಆಕೆ ಪುಟ ತಿರುವಿ ಕೊನೆಯ ಪುಟದ ಸೀಲು ಮುಟ್ಟಿ ನೋಡಿದಳು.

“ಇದನ್ನೂ ಲ್ಯಾಮಿನೇಶನ್ ಮಾಡಿಸ್ಲೇನ್ರಿ?”

ಬೇಡ, ಸೀಲು ಇರುವ ಕೋರ್ಟಿನ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡ, ಮುಂದೆ ಯಾವುದಕ್ಕಾದರೂ ಸೀಲು ಹಾಕಿಸಬೇಕು ಅಂದರೆ ಆಗುವುದಿಲ್ಲ, ಪ್ಲಾಸ್ಟಿಕ್ ಫೈಲಿನಲ್ಲಿ ಇಡು ಅಂದರು ಅವಳ ವಕೀಲೆ. ಗಂಡ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಿ ಒಂದು ಫೈಲ್ ತಂದ. ಎರಡೂ ಕಾಗದ ಅದರೊಳಗೆ ಹಾಕಿ, ಗುಂಡಿ ಒತ್ತಿ, ಚೀಲದಲ್ಲಿ ಇಟ್ಟುಕೊಂಡು ಹೊರಟರು.